ಮೂರು ಹಕ್ಕಿಗಳ ತಿಮಿಂಗಿಲ

ಊರಿನವರೆಲ್ಲ ಅವನನ್ನು ‘ಕನ್ನಡಕದ ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ಡಾಕ್ಟರೂ ಅಲ್ಲ, ಗೀಕ್ಟರೂ ಅಲ್ಲ. ಕಣ್ಣು ನೋಡಿ, ನಂಬರು ಬರೆದು, ಗಾಜು ಉಜ್ಜಿ ಕನ್ನಡಕ ಕೊಡುವ ಅಂಗಡಿಯವನು. ಸ್ಕೂಟರು ಬಿಟ್ಟರೆ ಬೇರೆ ವಾಹನ ಓಡಿಸಿ ಹತ್ತಿಪ್ಪತ್ತು ವರ್ಷವಾಗಿತ್ತು. ಅಂಥವನು ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಹಳೇ ವ್ಯಾನಿನ ಸ್ಟೇರಿಂಗಿಗೆ ಜೋತುಬಿದ್ದು, ಜನವೇ ಇಲ್ಲದ ಕಡಲ ದಂಡೆಯಲ್ಲಿ ತಿಮಿಂಗಿಲ ಹುಡುಕಿಕೊಂಡು ಹೊರಟಿದ್ದಾನೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನಗಬೇಡಿ. ಪಕ್ಕದ ಸೀಟಿನಲ್ಲಿದ್ದ ಹೆಂಡತಿಯ ಕಣ್ಣು ಹೋಗುತ್ತಿತ್ತು. ಅದು ಪೂರ್ತಿ ಹೋಗುವುದರೊಳಗೆ ಅವಳಿಗೆ ಒಂದು ತಿಮಿಂಗಿಲ ತೋರಿಸಬೇಕಿತ್ತು. ಬೇರೇನೂ ಬೇಕಿರಲಿಲ್ಲ ಆ ಮನುಷ್ಯನಿಗೆ.

ವ್ಯಾನು ಅವಳ ತಮ್ಮನದು. ತಮ್ಮ ಬಡಗಿ. ಬೇಕರಿಯವರು ಮಾರಿದ ಬ್ರೆಡ್ಡಿನ ವ್ಯಾನನ್ನು ಕೊಂಡು, ಒಳಗೆ ಒಂದು ಮಂಚ, ಮಡಚುವ ಮೇಜು, ಒಂದೇ ಉರಿಯ ಒಲೆ, ಬಟ್ಟೆಗೆ ನಾಲ್ಕು ಖಾನೆ ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿಕೊಂಡಿದ್ದ. ಎಷ್ಟು ತೊಳೆದರೂ ಬ್ರೆಡ್ಡಿನ ವಾಸನೆ ಹೋಗಿರಲಿಲ್ಲ. ಬೀಗದ ಕೈ ಕೊಡುವಾಗ, “ಭಾವ, ಹನ್ನೆರಡು ದಿನ. ಹದಿಮೂರನೇ ದಿನ ನನಗೆ ಬೇಕೇ ಬೇಕು, ದೂರದ ಕೆಲಸ ಒಪ್ಕೊಂಡಿದೀನಿ,” ಎಂದ. ಆಮೇಲೆ ಅಕ್ಕನ ಮುಖ ನೋಡಲಾರದೆ ಚಕ್ರದ ಗಾಳಿ ನೋಡುತ್ತ ಕೂತ. ಗಾಳಿ ಸರಿಯಾಗೇ ಇತ್ತು.

ಈ ಅನಾಹುತ ಹೇಗಾಯಿತು ಎಂದು ತಿಳಿಯಬೇಕಾದರೆ ಅಂಗಡಿಯ ಒಳಗು ನೋಡಬೇಕು. ಉದ್ದಕ್ಕೆ ರೈಲು ಡಬ್ಬಿಯಂಥ ಅಂಗಡಿ. ಬಾಗಿಲ ಬಳಿ ಗಿರಾಕಿ ಕೂರುವ ಎತ್ತರದ ಕುರ್ಚಿ. ಒಳತುದಿಯಲ್ಲಿ ಕೌಂಟರು, ಕೌಂಟರಿನ ಹಿಂದೆ ಹೆಂಡತಿ. ಅವಳ ತಲೆಯ ಮೇಲೆ ಗೋಡೆಗೆ ಅಕ್ಷರದ ಚಾರ್ಟು. ಬಂದ ಗಿರಾಕಿ ಅವಳ ನೆತ್ತಿಯ ಮೇಲೆ ಕಣ್ಣು ನೆಟ್ಟು, ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಸಾಲಿನ ಇರುವೆಯಂಥ ಅಕ್ಷರದವರೆಗೆ ಓದುತ್ತ ಬರಬೇಕು. ಅವಳು ಫ್ರೇಮು ಒರೆಸುತ್ತಲೋ, ಡಬ್ಬಿಗೆ ಬಟ್ಟೆ ತುಂಬುತ್ತಲೋ ಕೇಳಿಸಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಅದೇ ಚಾರ್ಟು, ಅದೇ ಸಾಲು: ಠ, ರ, ನ, ಪ, ಗ. ಊರಿನ ಮುದುಕರು, ಶಾಲೆ ಮಕ್ಕಳು, ಡ್ರೈವರುಗಳು, ದರ್ಜಿಗಳು ಎಲ್ಲರೂ ಅವಳ ಕಿವಿಯ ಮೇಲೆ ಅದನ್ನೇ ಓದಿ ಹೋದರು.

ಅವಳ ಎದುರಿಗೆ, ಬಾಗಿಲ ಪಕ್ಕದ ಗೋಡೆಯಲ್ಲಿ, ಫ್ರೇಮಿನ ಕಂಪನಿಯವರು ಯಾವಾಗಲೋ ಕೊಟ್ಟ ಕ್ಯಾಲೆಂಡರು. ಅದರಲ್ಲಿ ಒಂದು ತಿಂಗಳಿಗೆ ತಿಮಿಂಗಿಲದ ಬಾಲದ ಚಿತ್ರ. ಕಡು ನೀಲಿ ನೀರಿನಿಂದ ಮೇಲೆದ್ದ ಬಾಲ, ಅದರ ಎಡ ತುದಿಯಲ್ಲಿ ಅಂಗೈಯಷ್ಟು ಬಿಳಿ ಮಚ್ಚೆ, ಮೇಲೆ ಮೂರು ಹಕ್ಕಿ. ಆ ವರ್ಷ ಕಳೆಯಿತು, ಹದಿನೈದು ವರ್ಷ ಕಳೆಯಿತು, ಅವಳು ಆ ಹಾಳೆ ಹರಿಯಲು ಬಿಡಲಿಲ್ಲ. “ತಾರೀಖು ನೋಡೋಕೆ ನಿಮಗೆ ಮೊಬೈಲಿದೆ. ನನಗೆ ನೋಡೋಕೆ ಏನಿದೆ ಈ ಅಂಗಡೀಲಿ, ನಿಮ್ಮ ಬೆನ್ನು ಬಿಟ್ರೆ?” ಎನ್ನುತ್ತಿದ್ದಳು.

ವರ್ಷಕ್ಕೊಮ್ಮೆ ಅಂಗಡಿಗೆ ಸುಣ್ಣ ಬಳಿಸುವ ವಾರ ಅವನು ಅವಳನ್ನೂ ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಣ್ಣು ನೋಡುತ್ತಿದ್ದ. ಅವಳು ಒಂದೇ ಉಸಿರಿಗೆ ಕೊನೆಯ ಸಾಲು ಓದಿ ಇಳಿದುಬಿಡುತ್ತಿದ್ದಳು. “ನನ್ನ ಹೆಂಡ್ತಿದು ಹದ್ದಿನ ಕಣ್ಣು ಸ್ವಾಮಿ, ಈ ವಯಸ್ಸಲ್ಲೂ!” ಎಂದು ಅವನು ಗಿರಾಕಿಗಳ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಹೋದ ವರ್ಷ ಸುಣ್ಣ ಬಳಿಯುವಾಗ ಚಾರ್ಟು ಹರಿಯಿತು. ಹೊಸದು ತರಿಸಿದ. ಅಕ್ಷರಗಳೆಲ್ಲ ಬೇರೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, “ಕೊನೇ ಸಾಲು ಓದು,” ಎಂದ. ಅವಳು ನೆಟ್ಟಗೆ ನೋಡುತ್ತ, “ಠ, ರ, ನ, ಪ, ಗ,” ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. “ಸರಿಯಾಗಿ ಓದೇ, ಸಾಕು ಆಟ.” ಅವಳು ಮತ್ತೆ ಅದನ್ನೇ ಓದಿದಳು, ಮಗು ಪಾಠ ಒಪ್ಪಿಸಿದ ಹಾಗೆ. ಅವನ ನಗು ನಿಂತಿತು. “ಮೊದಲನೇ ಅಕ್ಷರ ಯಾವುದು? ದೊಡ್ಡದು, ಮೇಲಿಂದು?” ಎಂದು ಕೇಳಿದ. ಅವಳು ತಪ್ಪು ಹೇಳಿದಳು.

ಅವಳು ಮೋಸ ಮಾಡಿದ್ದಳೇ? ಅದೂ ಇಲ್ಲ. “ನೋಡಿ ಹೇಳ್ದೆನೋ ನೆನಪಿಂದ ಹೇಳ್ದೆನೋ ನನಗೇ ಗೊತ್ತಿಲ್ಲ ಕಣ್ರೀ. ಬಾಯಿ ಹೇಳ್ತು,” ಎಂದಳು. ನೋಟದ ನಡುಭಾಗ ಮಸುಕು ಮಸುಕಾಗುತ್ತಿರುವುದು ಗೊತ್ತಿತ್ತಂತೆ. ಗಂಡ ವರ್ಷ ವರ್ಷ ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದ ಮೇಲೆ ಇದು ವಯಸ್ಸಿನ ಆಯಾಸವಿರಬೇಕು ಎಂದು ಸುಮ್ಮನಾಗಿದ್ದಳಂತೆ.

ಪೇಟೆಯ ಕಣ್ಣಿನ ಡಾಕ್ಟರು, ಇವರು ನಿಜವಾದ ಡಾಕ್ಟರು, ಕಣ್ಣಿನ ಹಿಂದಿನ ಪರದೆ ನಡುವಿನಿಂದ ಸವೆಯುತ್ತ ಅಂಚಿಗೆ ಬಂದಿದೆ ಎಂದರು. “ಮೂರ್ನಾಲ್ಕು ವರ್ಷ ಮುಂಚೆ ಬಂದಿದ್ರೆ ತಡೀಬಹುದಾಗಿತ್ತು. ಮನೇಲಿ ಯಾರೂ ಗಮನಿಸಲಿಲ್ವಾ?” ಎಂದು ಕೇಳಿದರು. ಕನ್ನಡಕದವನು ನೆಲ ನೋಡಿದ. “ಇವರೇನು ಕೆಲಸ ಮಾಡ್ತಾರೆ?” ಎಂದು ಅವರು ಅವಳನ್ನು ಕೇಳಿದರು. ಅವಳು ಥಟ್ಟನೆ, “ವ್ಯಾಪಾರ,” ಎಂದಳು. ಆ ಒಂದು ಮಾತಿಗೆ ಅವನು ಅವಳ ಕಾಲು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತ.

ಇನ್ನು ಕೆಲವೇ ತಿಂಗಳು, ನೋಡಬೇಕಾದ್ದನ್ನು ನೋಡಿಬಿಡಿ ಎಂದು ಡಾಕ್ಟರು ಹೇಳಿದ್ದರು. ಏನು ನೋಡ್ತೀಯ ಎಂದು ಅವನು ಕೇಳಿದ. ಬೆಟ್ಟವೇ, ಅರಮನೆಯೇ, ಅವಳು ಹುಟ್ಟಿದ ಬೀದಿಯೇ? ಅವಳು ಯೋಚನೆ ಕೂಡ ಮಾಡಲಿಲ್ಲ. “ಕ್ಯಾಲೆಂಡರಿಂದು. ನಿಜವಾದ್ದು.”

ಹೊರಟರು. ಮೊದಲ ಎರಡು ದಿನ ರಸ್ತೆಯ ಮೇಲಿನ ಜಗಳದಲ್ಲೇ ಕಳೆಯಿತು. ಅವನಿಗೆ ವ್ಯಾನು ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಹಾಗಾಗಿ ದಾರಿ ತಪ್ಪಿದರೂ ಮುಂದಕ್ಕೇ ಹೋಗುತ್ತಿದ್ದ. “ಭೂಮಿ ಗುಂಡಗಿದೆ ಅಂತ ಧೈರ್ಯಾನಾ?” ಎಂದು ಅವಳು ಕೇಳಿದಳು. ಪೆಟ್ರೋಲು ಬಂಕು, ಒಂದೆರಡು ಮೀನುಗಾರರ ಮನೆ, ಮತ್ತೆ ಇಪ್ಪತ್ತು ಮೈಲಿ ಕಲ್ಲು, ಹುಲ್ಲು, ಗಾಳಿ. ಬಲಕ್ಕೆ ಕಡಲು. ಎಲ್ಲಿ ದಿಬ್ಬ ಕಂಡರೆ ಅಲ್ಲಿ ನಿಲ್ಲಿಸುವುದು, ಮಡಚುವ ಕುರ್ಚಿ ಹಾಕುವುದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಕತ್ತಲಾದರೆ ಬ್ರೆಡ್ಡಿನ ವಾಸನೆಯಲ್ಲಿ ಮಲಗುವುದು.

ಒಂದು ತಿಮಿಂಗಿಲ ಬೇಡವೇ? ಊಹುಂ. ಒಂದು ದಿನ ಮರದ ದಿಮ್ಮಿ ತೇಲಿ ಬಂದು ಅವನನ್ನು ಕುರ್ಚಿಯಿಂದ ಎಬ್ಬಿಸಿತು. ಇನ್ನೊಂದು ದಿನ ಒಂದು ಹಡಗು. ಅವನು ಬದುಕಿಡೀ ಬೇರೆಯವರ ಕಣ್ಣು ನೋಡಿದವನು. ತನ್ನ ಕಣ್ಣಿಗೆ ಇಷ್ಟು ಕೆಲಸ ಎಂದೂ ಕೊಟ್ಟಿರಲಿಲ್ಲ. ಸಂಜೆ ಹೊತ್ತಿಗೆ ರೆಪ್ಪೆಯೊಳಗೆ ಮರಳು ತುಂಬಿದಂತಾಗುತ್ತಿತ್ತು.

ಅದಕ್ಕಿಂತ ಅವಳನ್ನು ನೋಡುವುದೇ ಕಷ್ಟವಾಗಿತ್ತು. ನಾಲ್ಕನೆಯ ದಿನ ಲೋಟದ ಪಕ್ಕಕ್ಕೆ ನೀರು ಬಗ್ಗಿಸಿದಳು. ಆರನೆಯ ದಿನದಿಂದ ವ್ಯಾನಿನೊಳಗೆ ಗೋಡೆ ಸವರಿಕೊಂಡು ಓಡಾಡಲು ಶುರು ಮಾಡಿದಳು. ಎಂಟನೆಯ ದಿನ ಉರಿ ಬಿಸಿಲಲ್ಲಿ ಕುಳಿತು, “ಮೋಡ ಆಗಿದೆಯಾ?” ಎಂದು ಕೇಳಿದಳು. ಅವನು, “ಹೂಂ, ಸ್ವಲ್ಪ,” ಎಂದ. ಡಾಕ್ಟರು ತಿಂಗಳು ಎಂದಿದ್ದರು. ದಿನಗಳಲ್ಲಿ ಹೋಗುತ್ತಿದೆ ಎಂಬುದು ಅವನಿಗೆ ಗೊತ್ತಾಗಿತ್ತು, ಅವಳಿಗೂ ಗೊತ್ತಿತ್ತು.

“ದುರ್ಬೀನು ಕೊಡ್ಲಾ?” ಎಂದು ಅವನು ಕೇಳುತ್ತಿದ್ದ.

“ಬೇಡ, ನನಗೆ ಹೀಗೇ ಕಾಣುತ್ತೆ. ನೀವು ನೋಡಿ.”

ಒಂಬತ್ತನೆಯ ದಿನ ಕಡಲೊಳಗೆ ಚಾಚಿಕೊಂಡ ನೆಲದ ತುತ್ತತುದಿ ಮುಟ್ಟಿದರು. ಅಲ್ಲಿ ರಸ್ತೆ ಮುಗಿಯುತ್ತಿತ್ತು. ಒಂದು ಹಲಗೆ ಮನೆ, ಅದರಲ್ಲಿ ತಿಮಿಂಗಿಲ ಎಣಿಸುವವನು. ನಿಜಕ್ಕೂ ಅಂಥದೊಂದು ಸರ್ಕಾರಿ ಕೆಲಸವಿದೆ! ಬೆಳಗಿನಿಂದ ಸಂಜೆವರೆಗೆ ಕಡಲು ನೋಡುವುದು, ತಿಮಿಂಗಿಲ ಕಂಡರೆ ಸಿಳ್ಳೆ ಊದಿ ಜನರನ್ನು ಕರೆಯುವುದು, ಬಾಗಿಲ ಪಕ್ಕದ ಕರಿ ಹಲಗೆಯ ಮೇಲೆ ಆ ದಿನದ ಸಂಖ್ಯೆ ಬರೆಯುವುದು. ಅವನ ಕುತ್ತಿಗೆಯಲ್ಲಿ ದಾರಕ್ಕೆ ಸಿಳ್ಳೆ ನೇತುಬಿದ್ದಿತ್ತು. ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಇತ್ತು.

“ಲೇಟಾಗಿ ಬಂದ್ರಲ್ಲ ಸಾರ್,” ಎಂದ ಎಣಿಸುವವನು. “ಮೂರು ವಾರದ ಹಿಂದೆ ಬರಬೇಕಿತ್ತು. ದಿನಕ್ಕೆ ಹನ್ನೆರಡು, ಹದಿನೈದು. ಈಗೆಲ್ಲ ದಾಟಿ ಹೋಗಿವೆ. ಮರಿ ಜೊತೆ ನಿಧಾನ ಬರೋ ತಾಯಂದಿರು ಒಂದೋ ಎರಡೋ ಉಳಿದಿರಬಹುದು.”

ಲೇಟಾಗಿ ಬಂದ್ರಿ. ಈ ಮಾತನ್ನು ಅವನು ಒಂದು ವರ್ಷದಲ್ಲಿ ಎರಡನೆಯ ಸಲ ಕೇಳುತ್ತಿದ್ದ. ಹೆಂಡತಿ ವ್ಯಾನಿನೊಳಗೆ ಮಲಗಿದ್ದಳು. ಅವನು ದನಿ ತಗ್ಗಿಸಿ ಎಲ್ಲ ಹೇಳಿಕೊಂಡ. ಗೊತ್ತಿಲ್ಲದವರ ಮುಂದೆ ಹೇಳುವುದು ಸುಲಭ. ಎಣಿಸುವವನು ಕೊನೆಗೆ, “ಇಲ್ಲೇ ಇರಿ. ಬಂದ್ರೆ ಈ ಬಂಡೆ ಪಕ್ಕಾನೇ ಬರುತ್ವೆ,” ಎಂದ. “ಇನ್ನೊಂದು ಮಾತು. ನೋಡೋಕೆ ಮುಂಚೆ ಕೇಳುತ್ತೆ. ಉಸಿರು ಬಿಡೋದು. ನಾನೂ ಎಷ್ಟೋ ಸಲ ಕಿವೀಲೇ ಎಣಿಸ್ತೀನಿ.” ಕನ್ನಡಕದವನು ತಲೆಯಾಡಿಸಿದ. ಆದರೆ ಅವನ ತಲೆ ತುಂಬ ಕಣ್ಣೇ ಇತ್ತು, ಆ ಮಾತು ಒಳಗೆ ಇಳಿಯಲಿಲ್ಲ.

ಹತ್ತನೆಯ ದಿನ ಸೊನ್ನೆ. ಮೊದಲಿನ ಸೊನ್ನೆಯನ್ನೇ ಉಳಿಸಿಕೊಳ್ಳದೆ ಎಣಿಸುವವನು ಅದನ್ನು ಒರೆಸಿ ಹೊಸ ಸೊನ್ನೆ ಬರೆದ, ಅದು ಅವನ ನಿಯತ್ತು. ಹನ್ನೊಂದನೆಯ ದಿನ ಹಿಂದಿರುಗಲೇಬೇಕಿತ್ತು. ಒಂದು ಹಗಲು, ಎರಡು ರಾತ್ರಿ ಹೆಚ್ಚು ನಿಲ್ಲಿಸದೆ ಓಡಿಸಿದರೆ ಹದಿಮೂರನೆಯ ದಿನಕ್ಕೆ ವ್ಯಾನು ಭಾವಮೈದನ ಬಾಗಿಲಲ್ಲಿ ಇರುತ್ತಿತ್ತು. ಮಧ್ಯಾಹ್ನದವರೆಗೆ ನೋಡೋಣ ಎಂದು ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು. ಅವಳು ತಲೆಗೆ ಶಾಲು ಸುತ್ತಿಕೊಂಡಿದ್ದಳು. ಮುಖ ಕಡಲಿನ ಕಡೆಗೇ ಇತ್ತು ಅಂತಿಟ್ಟುಕೊಳ್ಳಿ, ಸ್ವಲ್ಪ ಎಡಕ್ಕೆ, ಬರೀ ಬಂಡೆ ಇದ್ದ ಕಡೆಗೆ. ಅವನು ಸರಿಪಡಿಸಲಿಲ್ಲ.

ಹನ್ನೆರಡು ದಾಟಿತು. ಎಣಿಸುವವನು ಊಟಕ್ಕೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕಡಲು ಖಾಲಿ. ಆಕಾಶವೂ ಖಾಲಿ, ಒಂದು ಕಾಗೆ ಕೂಡ ಇಲ್ಲ.

“ಹೋಗೋಣ್ವೇನ್ರೀ?” ಎಂದಳು ಅವಳು. “ಬಿಡಿ. ಋಣ ಇಲ್ಲ ಅಂದ್ಕೊಂಡ್ರಾಯ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಇಷ್ಟು ತಿಂಗಳಲ್ಲಿ ಅವಳು ಒಂದು ಸಲವೂ ಬೈದಿರಲಿಲ್ಲ. ಅವನು ಸಟ್ಟನೆ ಎದ್ದು ನಿಂತು, ಖಾಲಿ ನೀರಿನ ಕಡೆಗೆ ಕೈ ಚಾಚಿ ಕೂಗಿದ.

“ಅಗೋ! ಅಗೋ ನೋಡೇ! ಬಂತು! ಅಲ್ಲಿ, ಬಲಗಡೆ! ಬಾಲ ಎತ್ತಿದೆ!”

ಅವಳೂ ದಡಬಡಿಸಿ ಎದ್ದಳು. ಶಾಲು ಜಾರಿತು. ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡಳು.

“ಕಾಣ್ತಾ? ಕಾಣ್ತಾ ನಿನಗೆ?”

“ಕಾಣ್ತು ಕಣ್ರೀ! ಅಯ್ಯೋ, ಎಷ್ಟು ದೊಡ್ಡದು!” ಎಂದಳು ಅವಳು. “ಎಡಗಡೆ ತುದೀಲಿ ನೋಡಿ, ಬಿಳಿ ಮಚ್ಚೆ. ಮೇಲೆ ಹಕ್ಕಿ ಹಾರ್ತಿವೆ. ಒಂದು, ಎರಡು, ಮೂರು.”

ಅವನ ಚಾಚಿದ ಕೈ ಚಾಚಿದಲ್ಲೇ ಉಳಿಯಿತು. ಠ, ರ, ನ, ಪ, ಗ. ಅದೇ ದನಿ, ಅದೇ ಒಂದೇ ಉಸಿರು. ಅವಳಿಗೆ ನೀರೂ ಕಾಣುತ್ತಿರಲಿಲ್ಲ, ತನ್ನ ಕೈಯೂ ಕಾಣುತ್ತಿರಲಿಲ್ಲ. ಅಂಗಡಿಯ ಗೋಡೆಯ ಮೇಲಿನದನ್ನು ಓದಿ ಒಪ್ಪಿಸುತ್ತಿದ್ದಳು. ಈ ಸಲ ಬಾಯಿ ತಾನಾಗಿ ಹೇಳಿದ್ದಲ್ಲ, ಬೇಕೆಂದೇ ಹೇಳಿದ್ದು. ತಿಮಿಂಗಿಲ ನಿಜಕ್ಕೂ ಬಂದಿದೆ, ತನಗೆ ಕಾಣಲಿಲ್ಲ ಎಂದರೆ ಈ ಮನುಷ್ಯ ಸತ್ತೇ ಹೋಗುತ್ತಾನೆ ಎಂದು ಹೆದರಿ ಹೇಳಿದ್ದು.

“ಹೋಯ್ತಾ?” ಎಂದು ಕೇಳಿದಳು.

“ಹೂಂ. ಮುಳುಗ್ತು.”

“ಸಾಕಪ್ಪ. ಜನ್ಮ ಸಾರ್ಥಕ ಆಯ್ತು.” ಕೂತಳು. ತಡವಿ ಅವನ ಅಂಗಿಯ ತುದಿ ಹಿಡಿದುಕೊಂಡಳು. “ಸಿಳ್ಳೆ ಊದ್ಲಿಲ್ವಲ್ಲ ಅವನು?”

“ಊಟಕ್ಕೆ ಹೋಗಿದಾನೆ.”

“ನೋಡಿ, ಸರ್ಕಾರಿ ಕೆಲಸ ಅಂದ್ರೆ ಹೀಗೇ,” ಎಂದು ನಕ್ಕಳು. ನಗುತ್ತಲೇ, “ಇನ್ನು ನೀವು ನೆಮ್ಮದಿಯಾಗಿ ನಿದ್ದೆ ಮಾಡಿ. ನೋಡಬೇಕಾದ್ದು ನೋಡಿದ್ದಾಯ್ತು ನಾನು,” ಎಂದಳು.

ಆಗ ಕೇಳಿಸಿತು. ದೊಡ್ಡ ಬಸ್ಸು ನಿಂತು ಬ್ರೇಕಿನ ಗಾಳಿ ಬಿಟ್ಟ ಹಾಗೆ, ಆದರೆ ಅದಕ್ಕಿಂತ ಉದ್ದ, ಅದಕ್ಕಿಂತ ಒದ್ದೆ. ಬಂಡೆಯ ಬುಡದಲ್ಲೇ, ಕಲ್ಲೆಸೆದರೆ ತಾಗುವಷ್ಟು ಹತ್ತಿರ, ಕಪ್ಪು ಬೆನ್ನೊಂದು ನೀರು ಸರಿಸಿ ಮೇಲೆ ಬಂದಿತ್ತು. ಅದರ ಪಕ್ಕೆಗೆ ಒತ್ತಿಕೊಂಡು ಇನ್ನೊಂದು, ಸಣ್ಣದು. ಸಣ್ಣದೂ ಉಸಿರು ಬಿಟ್ಟಿತು, ಮಗು ಸೀನಿದ ಹಾಗೆ. ಗಾಳಿಗೆ ನೀರ ಹನಿ ಬಂದು ಇಬ್ಬರ ಮುಖಕ್ಕೂ ಬಿತ್ತು.

ಅವಳು ನೆಟ್ಟಗಾದಳು. ಮುಖ ಸರಿಯಾಗಿ ಆ ಕಡೆಗೇ ತಿರುಗಿತ್ತು, ಅಷ್ಟು ದಿನದಲ್ಲಿ ಮೊದಲ ಸಲ.

“ಏನ್ರೀ ಅದು?”

ಅವನು ಬಾಯಿ ತೆರೆದ. ತಿಮಿಂಗಿಲ ಕಣೇ ಎನ್ನಬೇಕು. ಎಂದರೆ, ಮತ್ತೆ ಆಗ ಬಂದದ್ದು ಏನು? ನಾನು ಸುಳ್ಳು ಹೇಳಿದೆ ಎನ್ನಬೇಕು. ನಾನು ಸುಳ್ಳು ಹೇಳಿದ್ದರೆ ಅವಳು ನೋಡಿದ್ದು ಏನು? ಮಚ್ಚೆ, ಮೂರು ಹಕ್ಕಿ? ಅವಳ ಮುಖದ ಮೇಲೆ ಇನ್ನೂ ನಗು ಇತ್ತು. ಅದನ್ನು ತನ್ನ ಕೈಯಾರೆ ಒರೆಸಲು ಅವನಿಗೆ ಧೈರ್ಯ ಬರಲಿಲ್ಲ. ಹೇಡಿ. ಹೌದು, ಹೇಡಿಯೇ, ಇನ್ನೇನು ಹೇಳುವುದು?

ಹಲಗೆ ಮನೆಯ ಬಾಗಿಲು ಧಡಾರನೆ ತೆರೆಯಿತು. ಎಣಿಸುವವನು ಎಂಜಲು ಕೈಯಲ್ಲೇ ಓಡಿ ಬಂದು ಸಿಳ್ಳೆಯನ್ನು ಬಾಯಿಗಿಟ್ಟ. ಕನ್ನಡಕದವನು ಅವನತ್ತ ತಿರುಗಿ ಎರಡೂ ಕೈ ಅಡ್ಡಡ್ಡ ಆಡಿಸಿದ. ಬೇಡ, ಬೇಡ. ಎಣಿಸುವವನು ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ, ನೀರನ್ನು ನೋಡಿದ. ಸಿಳ್ಳೆ ಬಾಯಿಂದ ಜಾರಿ ಎದೆಯ ಮೇಲೆ ಬಿತ್ತು.

“ಅಲೆ ಕಣೇ,” ಎಂದ ಕನ್ನಡಕದವನು. “ಬಂಡೆ ಸಂದೀಲಿ ನೀರು ನುಗ್ತು.”

“ಎಷ್ಟು ಜೋರು!” ಎಂದಳು ಅವಳು. ಮುಖದ ಹನಿ ಒರೆಸಿಕೊಂಡು ಶಾಲು ಎಳೆದುಕೊಂಡಳು. ತಾಯಿಯೂ ಮರಿಯೂ ಇನ್ನೂ ನಾಲ್ಕು ಸಲ ಉಸಿರು ಬಿಟ್ಟವು. ಅವನು ನಾಲ್ಕನ್ನೂ ನಿಂತು ನೋಡಿದ. ಅವಳು ಆ ಹೊತ್ತಿಗಾಗಲೇ ಕುರ್ಚಿ ಮಡಚುತ್ತಿದ್ದಳು.

ಹೊರಡುವಾಗ ಎಣಿಸುವವನು ಹಲಗೆ ಒರೆಸಿ ಎರಡು ಎಂದು ಬರೆದ. ಯಾರ ಮುಖವನ್ನೂ ನೋಡಲಿಲ್ಲ.

“ಹಲಗೇಲಿ ಏನು ಬರೆದಿದಾನೆ?” ಎಂದು ಅವಳು ವ್ಯಾನು ಹತ್ತುತ್ತ ಕೇಳಿದಳು. ತಾನು ಓದಲಾರೆ ಎಂದು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು.

“ಒಂದು.”

“ನಮ್ದೇ ಅದು,” ಎಂದಳು. “ನೀವು ಹೇಳಿದ್ರಾ ಅವನಿಗೆ?”

“ಹೂಂ.”

ರಸ್ತೆ ಕಡಲಿನ ಪಕ್ಕದಲ್ಲೇ ಸಾಗುತ್ತಿತ್ತು. ಅವಳು ಸೀಟಿಗೆ ಒರಗಿ, ಊರಿಗೆ ಹೋದ ಕೂಡಲೇ ಆ ಕ್ಯಾಲೆಂಡರು ತೆಗೆದುಬಿಡಿ, ನಿಜವಾದ್ದೇ ನೋಡಿದ ಮೇಲೆ ಅದ್ಯಾಕೆ, ಗೋಡೆಗೆ ದಂಡ ಎಂದೆಲ್ಲ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಮೂರನೆಯ ಮೈಲಿಯಲ್ಲೋ ನಾಲ್ಕನೆಯದರಲ್ಲೋ, ಎಣಿಸುವವನ ಮಾತು ಅವನಿಗೆ ನೆನಪಾಯಿತು. ನೋಡೋಕೆ ಮುಂಚೆ ಕೇಳುತ್ತೆ. ಕಣ್ಣು ಹೋಗಿತ್ತು, ಸರಿ. ಕಿವಿ ಗಟ್ಟಿಯಾಗಿತ್ತು. ಮೂವತ್ತು ವರ್ಷ ಚಾರ್ಟನ್ನು ಕೇಳಿಯೇ ಕಲಿತವಳು ಅವಳು. ತಿಮಿಂಗಿಲ ಅವಳ ಕಿವಿಗೆ ಬಂದಿತ್ತು, ಅವಳ ಮುಖಕ್ಕೆ ಉಸಿರು ಹಾಕಿ ಹೋಗಿತ್ತು, ಅವಳು ಅದರ ಕಡೆಗೇ ತಿರುಗಿ ಏನ್ರೀ ಅದು ಎಂದು ಕೇಳಿಯೂ ಕೇಳಿದ್ದಳು. ಅವನು ಅಲೆ ಎಂದಿದ್ದ.

ಗಕ್ಕನೆ ಬ್ರೇಕು ಹಾಕಿದ. ಎಂಜಿನ್ನು ಆರಿಸಿ ಅವಳ ಕಡೆಯ ಕಿಟಕಿಯ ಗಾಜು ಇಳಿಸಿದ. ಅವಳ ಮೈಮೇಲೆ ಬಾಗಿ ಹೊರಗೆ ಕಿವಿಗೊಟ್ಟ.

“ಯಾಕೆ ನಿಲ್ಸಿದ್ರಿ?”

“ಸುಮ್ನಿರು. ಕೇಳು ಸ್ವಲ್ಪ.”

ಅವಳೂ ಕೇಳಿದಳು. ಬಹಳ ಹೊತ್ತು ಕೇಳಿದಳು. ಹಿಂದಕ್ಕೆ ತಿರುಗಿಸಿ ಹೋಗೋಣವೆಂದರೆ ಆ ಸಣ್ಣ ರಸ್ತೆಯಲ್ಲಿ ತಿರುಗಿಸಲು ಅವನಿಗೆ ಬರುತ್ತಿರಲಿಲ್ಲ. ಬಂದರೂ ಅವು ಅಷ್ಟರಲ್ಲಿ ಎಲ್ಲಿಗೆ ಹೋಗಿರುತ್ತಿದ್ದವೋ.

“ಅಲೆ ಅಲ್ವೇನ್ರೀ?” ಎಂದಳು.

“ಹೌದು,” ಎಂದ. “ಅಲೆ.”

ಅವಳು ಕೈಯಿಂದ ತಡಕಿ ಗಾಜು ಏರಿಸಿಕೊಂಡಳು, ಚಳಿ ಎಂದು.